ರ್ಯಾಮ್ ಓಡಿದರೆ ಪ್ರೊಸೆಸರ್ ಬೆವರುತ್ತದೆಯೇ?

ಕಂಪ್ಯೂಟರಿನ ರ್ಯಾಮನ್ನು ವೇಗದ ಸೆಟ್ಟಿಂಗಿಗೆ ಹಾಕಿದರೆ ಪ್ರೊಸೆಸರ್ ಹೆಚ್ಚು ಬಿಸಿಯಾಗುತ್ತದೆಯೇ? ಕೇಳಲು ಸಣ್ಣ ಪ್ರಶ್ನೆ. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಏಳು ಸಾವಿರ ರೂಪಾಯಿ ಬೆಲೆ ಬಿದ್ದಿತ್ತು.

ಮೊಮ್ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಅನಿಮೇಷನ್ ಮಾಡುವ ಹುಚ್ಚು ಅವಳಿಗೆ. ಹಂಪಿಯ ಕಲ್ಲಿನ ರಥ ತೆರೆಯ ಮೇಲೆ ಉರುಳಿಕೊಂಡು ಹೋಗಬೇಕು ಎಂಬುದು ಸದ್ಯದ ಯೋಜನೆ. ಮಗ ಬೋನಸ್ ಹಣದಲ್ಲಿ ಬಿಡಿಭಾಗ ತರಿಸಿ ಕಂಪ್ಯೂಟರ್ ಕಟ್ಟಿಸಿಕೊಟ್ಟ. ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ರ್ಯಾಮ್ ಕಡ್ಡಿಗಳು. ಬೇರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸಾಲಲಿಲ್ಲ. ಈ ಪ್ರೊಸೆಸರಿನ ಹೊಟ್ಟೆಯಲ್ಲೇ ಸಣ್ಣದೊಂದು ಗ್ರಾಫಿಕ್ಸ್ ಇದೆ, ಅದರಲ್ಲೇ ಸಂಸಾರ.

ರ್ಯಾಮಿನ ಡಬ್ಬಿಯ ಮೇಲೆ 3200 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ 2400. ಮಗು ಓದಿ ತಿಳಿದುಕೊಂಡು ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗನ್ನು ಆನ್ ಮಾಡಿದಳು. ಅದೇ ವಾರ ಮನೆಗೆ ಬಂದ ಪರಿಚಯದವರೊಬ್ಬರು, ‘ಬಳ್ಳಾರಿ ಬಿಸಿಲಿನಲ್ಲಿ ಇದನ್ನೆಲ್ಲ ಆನ್ ಮಾಡ್ತೀಯೇನಮ್ಮಾ? ಪ್ರೊಸೆಸರ್ ಬೆಂದು ಹೋಗುತ್ತೆ. ಒಂದೋ ಆಫ್ ಮಾಡು, ಇಲ್ಲಾಂದ್ರೆ ನೀರಿನ ಕೂಲರ್ ಹಾಕಿಸು, ಏಳು ಸಾವಿರ ಆಗುತ್ತೆ’ ಅಂದರು. ಮಗ ಆಫ್ ಮಾಡು ಅಂದ. ಸೊಸೆ ಚೀಟಿ ದುಡ್ಡು ಬಂದಿದೆ, ಕೂಲರ್ ಹಾಕಿಸೋಣ ಅಂದಳು. ಮೊಮ್ಮಗಳು ನನ್ನ ಹತ್ತಿರ ಬಂದಳು: ‘ತಾತಾ, ನೀವು ಬ್ಯಾಂಕಿನವರು. ಲೆಕ್ಕ ಹಾಕಿ ಹೇಳಿ.’

ನಾನು ಓದಿದ್ದು ಬಿಕಾಂ. ಬದುಕು ಕಳೆದದ್ದು ಲೆಡ್ಜರಿನ ಮುಂದೆ. ಆದರೆ ಶಾಖವೂ ಒಂದು ಲೆಕ್ಕವೇ. ಕಂಪ್ಯೂಟರ್ ಭಾರ ಎತ್ತುವುದಿಲ್ಲ, ನೀರು ಸೇದುವುದಿಲ್ಲ. ಅದು ಕುಡಿದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಎಷ್ಟು ವ್ಯಾಟ್ ಡೆಬಿಟ್ಟೋ ಅಷ್ಟೇ ಶಾಖ ಕ್ರೆಡಿಟ್. ಹಾಗಾದರೆ ಪ್ರಶ್ನೆಯನ್ನು ಹೀಗೆ ಕೇಳಬೇಕು: ರ್ಯಾಮ್ ವೇಗ ಹೆಚ್ಚಿಸಿದಾಗ ಹೆಚ್ಚುವರಿ ವ್ಯಾಟ್ ಯಾರ ಖಾತೆಗೆ ಬೀಳುತ್ತದೆ? ರ್ಯಾಮಿನ ಖಾತೆಗೋ, ಪ್ರೊಸೆಸರಿನ ಖಾತೆಗೋ?

ದಫ್ತರಿಯ ಜಾಗ ಬದಲಾಯಿತು

ಮಕ್ಕಳೇ, ಹಳೆಯ ಕಾಲದ ಬ್ಯಾಂಕ್ ಶಾಖೆಯನ್ನು ಕಲ್ಪಿಸಿಕೊಳ್ಳಿ. ಕೌಂಟರಿನಲ್ಲಿ ಗುಮಾಸ್ತ. ಹಿಂದಿನ ಕೋಣೆಯ ರ್ಯಾಕುಗಳಲ್ಲಿ ನೂರಾರು ಲೆಡ್ಜರುಗಳು. ನಡುವೆ ಓಡಾಡುವವನು ದಫ್ತರಿ, ಅಂದರೆ ಪುಸ್ತಕ ತರುವ, ವಾಪಸ್ ಇಡುವ ನೌಕರ. ಗ್ರಾಹಕ ಚೆಕ್ ಕೊಟ್ಟು ಟೋಕನ್ ತೆಗೆದುಕೊಂಡ. ಗುಮಾಸ್ತನಿಗೆ ಲೆಡ್ಜರ್ ಬೇಕು. ದಫ್ತರಿ ತರುವವರೆಗೆ ಅವನು ಪೆನ್ನು ಹಿಡಿದು ಸುಮ್ಮನೆ ಕೂತಿರುತ್ತಾನೆ. ಪದೇಪದೇ ಬೇಕಾಗುವ ಒಂದೆರಡು ಪುಸ್ತಕ ಮಾತ್ರ ಮೇಜಿನ ಡ್ರಾಯರಿನಲ್ಲೇ ಇರುತ್ತವೆ.

ಗುಮಾಸ್ತನೇ ಪ್ರೊಸೆಸರ್. ರ್ಯಾಕ್ ಎಂದರೆ ರ್ಯಾಮ್. ಡ್ರಾಯರಿಗೆ ಕಂಪ್ಯೂಟರಿನಲ್ಲಿ ಕ್ಯಾಶ್ ಎಂದು ಹೆಸರು. ನಮ್ಮ ಕ್ಯಾಷಿಯರಿಗೂ ಅದಕ್ಕೂ ಸಂಬಂಧವಿಲ್ಲ. ದಫ್ತರಿಗೆ ಮೆಮೊರಿ ಕಂಟ್ರೋಲರ್ ಎನ್ನುತ್ತಾರೆ.

ಈ ಕಾಯುವಿಕೆ ಎಷ್ಟೆಂದು ಊಹಿಸಿ. 4 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ 400 ಕೋಟಿ ಸಲ ಟಿಕ್ ಎನ್ನುತ್ತದೆ. ರ್ಯಾಮಿನಿಂದ ಒಂದು ಮಾಹಿತಿ ಬರಲು ಸುಮಾರು 80 ನ್ಯಾನೊಸೆಕೆಂಡ್ ಹಿಡಿಯಿತು ಎನ್ನೋಣ. ಅಷ್ಟರಲ್ಲಿ ಪ್ರೊಸೆಸರಿನ ಗಡಿಯಾರ 320 ಟಿಕ್ ಮುಂದೆ ಹೋಗಿರುತ್ತದೆ. ಒಂದು ಲೆಡ್ಜರಿಗಾಗಿ 320 ಟಿಕ್! ನಮ್ಮ ಶಾಖೆಯಲ್ಲಿ ದಫ್ತರಿ ಅಷ್ಟು ತಡಮಾಡಿದ್ದರೆ ಮ್ಯಾನೇಜರ್ ಕೋಣೆಯಿಂದ ಕರೆಗಂಟೆ ಬಾರಿಸುತ್ತಿತ್ತು.

ಈಗ ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ. ಮೊದಲು ಈ ದಫ್ತರಿ ಪ್ರೊಸೆಸರಿನ ಒಳಗೆ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ನಾರ್ತ್‌ಬ್ರಿಜ್ ಎಂಬ ಬೇರೆಯದೇ ಚಿಪ್ಪಿನಲ್ಲಿ ಅವನ ವಾಸ. ಅವನ ಬೆವರು ಅವನ ಕೋಣೆಯಲ್ಲೇ ಉಳಿಯುತ್ತಿತ್ತು. 2003ರಲ್ಲಿ ಎಎಂಡಿ ಕಂಪನಿ ತನ್ನ ಆಪ್ಟೆರಾನ್ ಮತ್ತು ಅಥ್ಲಾನ್ 64 ಪ್ರೊಸೆಸರುಗಳಲ್ಲಿ ದಫ್ತರಿಯನ್ನು ಗುಮಾಸ್ತನ ಕೋಣೆಗೇ ತಂದು ಕೂರಿಸಿತು. ಇಂಟೆಲ್ 2008ರ ಕೊನೆಯಲ್ಲಿ ಮೊದಲ ಕೋರ್ ಐ7 ಪ್ರೊಸೆಸರುಗಳಲ್ಲಿ ಅದನ್ನೇ ಮಾಡಿತು. ದೂರ ಕಡಿಮೆಯಾಯಿತು, ಕೆಲಸ ಚುರುಕಾಯಿತು. ಆದರೆ ಅಂದಿನಿಂದ ದಫ್ತರಿಯ ಬೆವರೂ ಗುಮಾಸ್ತನ ಕೋಣೆಯ ಲೆಕ್ಕಕ್ಕೇ ಸೇರಿತು. ಹಾಗಾಗಿ ರ್ಯಾಮ್ ಸೆಟ್ಟಿಂಗಿಗೂ ಪ್ರೊಸೆಸರಿನ ಉಷ್ಣತೆಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಇದೆ. ಎಷ್ಟಿದೆ ಎನ್ನುವುದೇ ಮಾತು.

ಕಡ್ಡಿ ಕಂಪ್ಯೂಟರಿಗೆ ತನ್ನ ವೇಗವನ್ನು ಹೇಳುವ ಬಗೆಯೂ ಬ್ಯಾಂಕಿನವರಿಗೆ ಅರ್ಥವಾಗುವಂಥದ್ದು. ಪ್ರತಿ ಕಡ್ಡಿಯ ಮೇಲೂ ಪುಟ್ಟದೊಂದು ಚಿಪ್ ಇರುತ್ತದೆ. ನಮ್ಮ ಮಾದರಿ ಸಹಿ ಕಾರ್ಡಿನ ಹಾಗೆ. ‘ನಾನು ಇಂಥ ವೇಗದಲ್ಲಿ, ಇಷ್ಟು ವೋಲ್ಟಿನಲ್ಲಿ ಓಡಬಲ್ಲೆ’ ಎಂದು ಅದರಲ್ಲಿ ಬರೆದಿರುತ್ತದೆ. ಮೊದಲಿಗೆ ಕಂಪ್ಯೂಟರ್ ಓದುವುದು ಎಲ್ಲ ತಯಾರಕರೂ ಒಪ್ಪಿದ ನಿಧಾನದ, ಸುರಕ್ಷಿತ ಸಾಲನ್ನು. ವೇಗದ ಸಾಲನ್ನು ಓದಬೇಕಾದರೆ ನಾವು ಅನುಮತಿ ಕೊಡಬೇಕು. ಆ ಅನುಮತಿಯೇ ಎಕ್ಸ್‌ಎಂಪಿ. ಇಂಟೆಲ್ ಇದನ್ನು 2007ರಲ್ಲಿ ಶುರುಮಾಡಿತು. ಎಎಂಡಿ 2022ರಲ್ಲಿ ಡಿಡಿಆರ್5 ರ್ಯಾಮಿಗಾಗಿ ಎಕ್ಸ್‌ಪೋ ಎಂಬ ತನ್ನದೇ ಪದ್ಧತಿ ತಂದಿತು.

ವ್ಯಾಟಿನ ಖಾತೆ

ಚಿಪ್ಪು ಎಷ್ಟು ಕರೆಂಟ್ ತಿನ್ನುತ್ತದೆ ಎನ್ನುವುದಕ್ಕೆ ಎಂಜಿನಿಯರುಗಳ ಸರಳ ಸೂತ್ರವಿದೆ. ವೇಗ ಎಷ್ಟು ಪಟ್ಟು ಹೆಚ್ಚಿತೋ ವ್ಯಾಟ್ ಅಷ್ಟೇ ಪಟ್ಟು ಹೆಚ್ಚುತ್ತದೆ. ವೋಲ್ಟೇಜ್ ಮಾತ್ರ ಹಾಗಲ್ಲ. ಅದು ಹೆಚ್ಚಿದ ಪಟ್ಟನ್ನು ಅದರಿಂದಲೇ ಇನ್ನೊಮ್ಮೆ ಗುಣಿಸಬೇಕು.

ನಮ್ಮ ಮನೆಯ ಡಿಡಿಆರ್4 ಕಡ್ಡಿಯನ್ನೇ ತೆಗೆದುಕೊಳ್ಳಿ. ನಿಧಾನದ ಸಾಲಿನಲ್ಲಿ 1.2 ವೋಲ್ಟ್. ಎಕ್ಸ್‌ಎಂಪಿ ಆನ್ ಮಾಡಿದರೆ 1.35 ವೋಲ್ಟ್. ಏರಿಕೆ ಶೇಕಡ 12.5. ನೂರು ರೂಪಾಯಿಯನ್ನು ಶೇಕಡ 12.5ರ ಚಕ್ರಬಡ್ಡಿಯಲ್ಲಿ ಎರಡು ವರ್ಷ ಇಟ್ಟರೆ ಎಷ್ಟಾಗುತ್ತದೆ? 126 ರೂಪಾಯಿ 56 ಪೈಸೆ. ವೋಲ್ಟೇಜಿನ ಲೆಕ್ಕವೂ ಅಷ್ಟೇ. ಮೇಲೆ ವೇಗ 2400ರಿಂದ 3200ಕ್ಕೆ, ಅಂದರೆ ಮೂರನೇ ಒಂದು ಭಾಗ ಜಾಸ್ತಿ. ಎರಡನ್ನೂ ಗುಣಿಸಿದರೆ ನೂರಕ್ಕೆ ಸುಮಾರು 169.

‘ಅಯ್ಯೋ, ಶೇಕಡ 69 ಜಾಸ್ತಿ!’ ಎಂದಳು ಮೊಮ್ಮಗಳು. ಅಸಲು ಎಷ್ಟು ಎಂದು ನೋಡದೆ ಬಡ್ಡಿಗೆ ಹೆದರಬಾರದು. ಒಂದು ರ್ಯಾಮ್ ಕಡ್ಡಿ ದುಡಿಯುವಾಗ ತಿನ್ನುವುದು ಎರಡು ಮೂರು ವ್ಯಾಟ್. ಮೂರು ಎಂದೇ ಹಿಡಿದರೂ ಐದು ಆದೀತು. ಎರಡು ಕಡ್ಡಿ ಸೇರಿ ನಾಲ್ಕು ವ್ಯಾಟ್ ಹೆಚ್ಚು, ರಾತ್ರಿ ಹಚ್ಚುವ ಪುಟ್ಟ ಎಲ್‌ಇಡಿ ದೀಪದಷ್ಟು. ಅದೂ ಬೀಳುವುದು ರ್ಯಾಮಿನ ಖಾತೆಗೆ. ಕಡ್ಡಿಗಳು ಪ್ರೊಸೆಸರಿನ ಪಕ್ಕದಲ್ಲಿ ನಿಂತಿರುತ್ತವೆ, ಮೈಗೆ ಅಂಟಿಕೊಂಡಿರುವುದಿಲ್ಲ.

ಪ್ರೊಸೆಸರಿನ ಖಾತೆಗೆ ಬರುವುದು ಬೇರೆ ದಾರಿಯಿಂದ. ರೈಜನ್ ಪ್ರೊಸೆಸರಿನಲ್ಲಿ ಒಳಗಿನ ಹೆದ್ದಾರಿಯೂ ರ್ಯಾಮಿನ ಗಡಿಯಾರಕ್ಕೇ ಹೆಜ್ಜೆ ಹಾಕುತ್ತದೆ. ರ್ಯಾಮ್ 3200 ಎಂದರೆ ಅದರ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. ಒಂದು ಟಿಕ್‌ಗೆ ಎರಡು ಸಲ ಮಾಹಿತಿ ಸಾಗಿಸುವುದರಿಂದ 3200 ಎನ್ನುತ್ತಾರೆ. 2400ರಲ್ಲಿ 1200 ಇದ್ದ ಆ ಹೆದ್ದಾರಿ ಈಗ 1600ರಲ್ಲಿ ಓಡಬೇಕು. ದಫ್ತರಿಯೂ ಓಡಬೇಕು. ಅವನಿಗೆ ಶಕ್ತಿ ಸಾಲದೇ ಹೋದೀತೆಂದು ಮದರ್‌ಬೋರ್ಡ್ ಎಸ್‌ಒಸಿ ವೋಲ್ಟೇಜ್ ಎಂಬುದನ್ನು ನಮ್ಮನ್ನು ಕೇಳದೆಯೇ ತುಸು ಏರಿಸಬಹುದು. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಕಣ್ಣಿಡಬೇಕಾದ ಸಾಲು ಇದೊಂದೇ. ಡಬ್ಬಿಯ ಮೇಲಿನ 3200ಕ್ಕಲ್ಲ, ಯಾರೂ ಹೇಳದ ಈ ವೋಲ್ಟೇಜಿಗೆ ಹೆದರಬೇಕು.

ಹೆದರಿಕೆಗೆ ಕಾರಣವೂ ಇದೆ. 2023ರ ಏಪ್ರಿಲಿನಲ್ಲಿ ಎಎಂಡಿಯ ರೈಜನ್ 7000 ಸರಣಿಯ, ಹೆಚ್ಚಾಗಿ ಎಕ್ಸ್3ಡಿ ಎಂಬ ಗುರುತಿನ ಕೆಲವು ಪ್ರೊಸೆಸರುಗಳು ಸುಟ್ಟು ಉಬ್ಬಿಹೋದ ಚಿತ್ರಗಳು ಜಗತ್ತಿನಾದ್ಯಂತ ಹರಿದಾಡಿದವು. ವೇಗದ ರ್ಯಾಮ್ ಸೆಟ್ಟಿಂಗ್ ಆನ್ ಮಾಡಿದಾಗ ಮದರ್‌ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು ವಿಪರೀತ ಏರಿಸುತ್ತಿದ್ದುದರ ಮೇಲೆ ಬೆರಳು ಹೋಯಿತು. ಎಎಂಡಿ ಆ ಬೋರ್ಡುಗಳಿಗೆ ಹೊಸ ಬಯಾಸ್ ಬಿಡಿಸಿ, 1.3 ವೋಲ್ಟ್ ದಾಟದಂತೆ ಬೀಗ ಹಾಕಿತು. ಆ ಪೀಳಿಗೆಯ ಕಂಪ್ಯೂಟರ್ ನಿಮ್ಮ ಮನೆಯಲ್ಲಿದ್ದು ಬಯಾಸ್ ಇನ್ನೂ ಹಳೆಯದೇ ಆಗಿದ್ದರೆ, ಈ ಲೇಖನವನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಬದಲಿಸಿ. ಪರಿಚಯದವರು ಹೇಳಿದ್ದು ಪೂರ್ತಿ ಗಾಳಿಮಾತಲ್ಲ. ಎಲ್ಲೋ ನಡೆದದ್ದು ಬಾಯಿಂದ ಬಾಯಿಗೆ ಬಂದು ನಮ್ಮ ಹಳೆಯ ಪೀಳಿಗೆಯ ಕಂಪ್ಯೂಟರಿಗೂ ಅಂಟಿಕೊಂಡಿತ್ತು. ನಮ್ಮ 5600ಜಿಗೆ 3200 ಎಂಬುದು ಎಎಂಡಿಯೇ ಒಪ್ಪಿ ಬರೆದಿರುವ ವೇಗ.

ಇನ್ನೊಂದು ದಾರಿಯಿದೆ. ಅದು ನನಗೆ ಬಹಳ ಇಷ್ಟವಾದದ್ದು. ದಫ್ತರಿ ಚುರುಕಾದರೆ ಗುಮಾಸ್ತನಿಗೆ ವಿಶ್ರಾಂತಿ ಇಲ್ಲ! ಮೊದಲು ಕಾಯುತ್ತಾ ಕೂತಿದ್ದವನು ಈಗ ಬರೆಯುತ್ತಲೇ ಇರಬೇಕು. ಕೂತವನಿಗಿಂತ ಬರೆಯುವವನು ಹೆಚ್ಚು ಬೆವರುತ್ತಾನೆ. ಆದರೆ ಕೆಲಸ ಬೇಗ ಮುಗಿಸಿ ಬೇಗ ಮನೆಗೂ ಹೋಗುತ್ತಾನೆ. ಇಂಥ ಶಾಖವನ್ನು ನಷ್ಟ ಎಂದು ಬರೆಯಲು ನನ್ನ ಮನಸ್ಸು ಒಪ್ಪದು.

ನೋಟುಪುಸ್ತಕದ ಪುಟ

ಲೆಕ್ಕ ಕಾಗದದ ಮೇಲೆ ಸರಿಯಾದರೆ ಸಾಲದು, ಕ್ಯಾಶ್ ಎಣಿಸಿ ನೋಡಬೇಕು. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆವು. ಅದು ಪ್ರೊಸೆಸರಿನ ಉಷ್ಣತೆ, ವ್ಯಾಟ್, ಎಸ್‌ಒಸಿ ವೋಲ್ಟೇಜ್ ಎಲ್ಲವನ್ನೂ ತೋರಿಸುತ್ತದೆ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿದೆವು. ಕೋಣೆಯ ಉಷ್ಣತೆ ಬರೆಯದೆ ಪ್ರೊಸೆಸರಿನದು ಮಾತ್ರ ಬರೆಯುವುದು ತಾರೀಖಿಲ್ಲದ ಚೆಕ್ಕಿನಂತೆ, ಯಾತಕ್ಕೂ ಬಾರದು. ಏಪ್ರಿಲಿನ ಎರಡು ರಾತ್ರಿ, ಕೋಣೆ 34 ಡಿಗ್ರಿ ಇದ್ದಾಗ, ಒಂದು ದಿನ 2400ರಲ್ಲಿ, ಇನ್ನೊಂದು ದಿನ 3200ರಲ್ಲಿ ಅದೇ ಕೆಲಸಗಳನ್ನು ಮಾಡಿಸಿ ಅರ್ಧರ್ಧ ಗಂಟೆ ಬಿಟ್ಟು ಬರೆದುಕೊಂಡೆವು. ಅವಳು ಓದಿ ಹೇಳುವುದು, ನಾನು ಬರೆಯುವುದು. ಹಳೆಯ ಕಾಲದ ಪೋಸ್ಟಿಂಗ್, ಚೆಕಿಂಗ್ ಹಾಗೆ.

ಸುಮ್ಮನಿದ್ದಾಗ 45 ಇದ್ದದ್ದು 47 ಆಯಿತು. ಆಟ ಆಡಿದಾಗ 68 ಇದ್ದದ್ದು 72. ಬ್ಲೆಂಡರಿನಲ್ಲಿ ರಥವನ್ನು ರೆಂಡರ್ ಮಾಡಿದಾಗ 81 ಇದ್ದದ್ದು 82.

ಇಲ್ಲೊಂದು ಒಗಟಿದೆ, ಮಕ್ಕಳೇ, ಗಮನಿಸಿದಿರಾ? ಅತ್ಯಂತ ಕಷ್ಟದ ಕೆಲಸದಲ್ಲಿ ವ್ಯತ್ಯಾಸ ಅತ್ಯಂತ ಕಡಿಮೆ. ಮೊಮ್ಮಗಳು ನಾನು ಎಲ್ಲೋ ತಪ್ಪು ಅಂಕಿ ಬರೆದಿದ್ದೇನೆ ಎಂದು ಮತ್ತೆ ಓಡಿಸಿದಳು. ಅಂಕಿ ಬದಲಾಗಲಿಲ್ಲ.

ಕಾರಣ ಸ್ವಾರಸ್ಯವಾಗಿದೆ. ಪೆಟ್ಟಿಗೆಯ ಮೇಲೆ 65 ವ್ಯಾಟ್ ಎಂದು ಬರೆದಿರುವ ಈ ಜಾತಿಯ ರೈಜನ್ ಪ್ರೊಸೆಸರಿಗೆ ಒಟ್ಟು 88 ವ್ಯಾಟಿನ ಮೇಲ್ಮಿತಿ ಇದೆ. ಓವರ್‌ಡ್ರಾಫ್ಟ್ ಖಾತೆಯ ಲಿಮಿಟ್ ಇದ್ದ ಹಾಗೆ. ರೆಂಡರ್ ಮಾಡುವಾಗ ಅದು ಆ ಮಿತಿಯ ಹತ್ತಿರವೇ ತಿರುಗುತ್ತಿರುತ್ತದೆ. ದಫ್ತರಿ ಎರಡು ವ್ಯಾಟ್ ಹೆಚ್ಚು ಕೇಳಿದರೆ ಮಿತಿ ಏರುವುದಿಲ್ಲ, ಗುಮಾಸ್ತರ ಪಾಲಿನಿಂದ ಎರಡು ವ್ಯಾಟ್ ಕಡಿತವಾಗುತ್ತದೆ. ಒಟ್ಟು ಶಾಖ ಅಷ್ಟಕ್ಕಷ್ಟೆ. ಜೊತೆಗೆ ರೆಂಡರ್ ಎನ್ನುವುದು ಹೆಚ್ಚಾಗಿ ಡ್ರಾಯರಿನ ಪುಸ್ತಕಗಳಲ್ಲೇ ನಡೆಯುವ ಲೆಕ್ಕ, ರ್ಯಾಕಿನ ಕಡೆ ಓಡಾಟ ಕಡಿಮೆ. ಆಟದಲ್ಲಿ ಹಾಗಲ್ಲ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲದ್ದರಿಂದ ಅದು ಪ್ರತಿ ಚಿತ್ರಕ್ಕೂ ರ್ಯಾಮಿನ ಬಾಗಿಲು ತಟ್ಟಬೇಕು. ಎರಡು ಕಡ್ಡಿಗಳ ರ್ಯಾಮ್ 2400ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 38.4 ಗಿಗಾಬೈಟ್ ಕೊಡಬಲ್ಲದು, 3200ರಲ್ಲಿ 51.2. ಬಾಗಿಲು ಅಗಲವಾದ ಕೂಡಲೇ ಹಸಿದ ಗ್ರಾಫಿಕ್ಸ್ ಹೆಚ್ಚು ದುಡಿಯಿತು. ಆಟದ ಚಿತ್ರಗಳು ಸೆಕೆಂಡಿಗೆ 41ರಿಂದ 50ಕ್ಕೆ ಏರಿದವು. ನಾಲ್ಕು ಡಿಗ್ರಿ ಹೆಚ್ಚಿದ್ದು ಅದರ ಕೂಲಿ.

ಎಸ್‌ಒಸಿ ವೋಲ್ಟೇಜ್ 1.1 ತೋರಿಸುತ್ತಿತ್ತು. ಈ ಪ್ರೊಸೆಸರ್ ತಡೆಯಬಲ್ಲ ಗರಿಷ್ಠ ಉಷ್ಣತೆ 95 ಡಿಗ್ರಿ. ಅಲ್ಲಿಗೆ ಮುಟ್ಟುವಾಗ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಥಟ್ಟನೆ ಬೆಂದುಹೋಗುವುದಿಲ್ಲ.

ಆದರೆ 82 ಎಂಬ ಅಂಕಿ ನನಗೆ ಸಮಾಧಾನ ಕೊಡಲಿಲ್ಲ. ಅದು ರಾತ್ರಿಯ ಅಂಕಿ. ನಮ್ಮೂರಿನ ಮೇ ತಿಂಗಳ ಮಧ್ಯಾಹ್ನ ಮಹಡಿಯ ಕೋಣೆ 40 ಆಗುತ್ತದೆ. ಕೋಣೆ ಎಷ್ಟು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 82ಕ್ಕೆ ಆರು ಸೇರಿಸಿದರೆ 88. ರ್ಯಾಮ್ ತಂದ ಒಂದು ಡಿಗ್ರಿಯ ಬಗ್ಗೆ ಮನೆಯಲ್ಲಿ ಜಗಳ. ಬಿಸಿಲು ತರುವ ಆರು ಡಿಗ್ರಿಯ ಬಗ್ಗೆ ಯಾರೂ ಮಾತಾಡಿರಲಿಲ್ಲ.

ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಅದಕ್ಕೆ ಎಸಿ ಕೋಣೆ, ನಮಗೆ ಗರಗರ ಎನ್ನುವ ಫ್ಯಾನು. ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಗೆ ಹೋದಂತೆ ಒಳಗೆ ಹೋಗುತ್ತಿದ್ದೆವು. ನಗುತ್ತಿದ್ದರೂ ಅದರಿಂದ ಒಂದು ಪಾಠ ಕಲಿತೆವು: ಯಂತ್ರಕ್ಕೆ ಧೂಳು ಆಗದು. ಮೊಮ್ಮಗಳ ಕಂಪ್ಯೂಟರ್ ಪೆಟ್ಟಿಗೆಯ ಬಾಗಿಲು ಬಿಚ್ಚಿಸಿ ನೋಡಿದರೆ, ಫ್ಯಾನಿನ ರೆಕ್ಕೆಗಳ ಮೇಲೆ ಬಳ್ಳಾರಿಯ ಕೆಂಧೂಳು ಮಖಮಲ್ಲಿನಂತೆ ಕೂತಿತ್ತು. ಪೆಟ್ಟಿಗೆಯ ಬೆನ್ನು ಗೋಡೆಗೆ ಒತ್ತಿಕೊಂಡಿತ್ತು. ಬಿಸಿಗಾಳಿ ಹೊರಗೆ ಹೋಗುವುದಾದರೂ ಎಲ್ಲಿಗೆ? ಕರೆಂಟ್ ತೆಗೆದು, ಫ್ಯಾನಿನ ರೆಕ್ಕೆ ಗರಗರ ತಿರುಗದಂತೆ ಬೆರಳಿನಿಂದ ಹಿಡಿದು, ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆದೆವು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದೆವು. ಅದೇ 34 ಡಿಗ್ರಿಯ ರಾತ್ರಿ, ಅದೇ 3200ರಲ್ಲಿ ರಥ ಮತ್ತೆ ರೆಂಡರ್ ಆಯಿತು: 75.

ಏಳು ಡಿಗ್ರಿ ಇಳಿಯಿತು. ಖರ್ಚು ಬ್ರಷ್ಷಿನ ಮೂವತ್ತು ರೂಪಾಯಿ. ನೀರಿನ ಕೂಲರಿನ ಮಾತು ಅಲ್ಲಿಗೆ ನಿಂತಿತು. ಸೊಸೆಯ ಚೀಟಿ ದುಡ್ಡು ಅವಳ ಹತ್ತಿರವೇ ಉಳಿಯಿತು.

ಲೆಡ್ಜರ್ ತಪ್ಪಿದರೆ

ವೇಗದ ರ್ಯಾಮಿನ ನಿಜವಾದ ಅಪಾಯ ಪ್ರೊಸೆಸರಿನ ಬಿಸಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ರ್ಯಾಮಿನದೇ ತಪ್ಪು ಬರವಣಿಗೆ.

ಈಗಿನ ರ್ಯಾಮಿನ ಮೂಲ ವಿನ್ಯಾಸ ಐಬಿಎಂನ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಅವರಿಗೆ ಅದರ ಪೇಟೆಂಟ್ ಸಿಕ್ಕಿತು. ಒಂದು ಟ್ರಾನ್ಸಿಸ್ಟರ್, ಒಂದು ಅತಿಸಣ್ಣ ಕೆಪಾಸಿಟರ್, ಅಷ್ಟರಲ್ಲೇ ಒಂದು ಬಿಟ್ ಮಾಹಿತಿ. ಆದರೆ ಆ ಕೆಪಾಸಿಟರ್ ತೂತು ಬಿದ್ದ ಕೊಡ. ತುಂಬಿದ ವಿದ್ಯುತ್ತು ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೊಡಗಳನ್ನೂ ಮತ್ತೆ ತುಂಬುತ್ತಾರೆ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಹಾಗಾಗಿ ಡಿಡಿಆರ್4 ಚಿಪ್ಪು 85 ಡಿಗ್ರಿ ದಾಟಿದರೆ ಎರಡು ಪಟ್ಟು ಬೇಗ ತುಂಬಬೇಕೆಂದು ನಿಯಮವಿದೆ.

ಬೇಸಿಗೆಯಲ್ಲಿ, ಗಾಳಿ ಆಡದ ಪೆಟ್ಟಿಗೆಯಲ್ಲಿ, ವೇಗದ ಸೆಟ್ಟಿಂಗಿನಲ್ಲಿ ಒಂದು ಬಿಟ್ ಅತ್ತಿತ್ತ ಆದರೂ ಸಾಕು. ಕಂಪ್ಯೂಟರ್ ನೀಲಿ ತೆರೆ ತೋರಿಸಿ ನಿಂತರೆ ಅದೇ ಪುಣ್ಯ, ಗೊತ್ತಾದರೂ ಆಗುತ್ತದೆ. ನಿಲ್ಲದೆ ತಪ್ಪನ್ನೇ ಫೈಲಿನಲ್ಲಿ ಬರೆದಿಟ್ಟರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ದಿನ ತೆರೆಯುವುದೇ ಇಲ್ಲ. ನಮ್ಮ ಕಾಲದಲ್ಲಿ ಹತ್ತು ಪೈಸೆ ಟ್ಯಾಲಿ ಆಗದಿದ್ದರೆ ರಾತ್ರಿ ಒಂಬತ್ತಾದರೂ ಮನೆಗೆ ಹೋಗುತ್ತಿರಲಿಲ್ಲ. ಹತ್ತು ಪೈಸೆಯ ಆಸೆಗಲ್ಲ. ಅದರ ಹಿಂದೆ ಹತ್ತು ಸಾವಿರದ ತಪ್ಪು ಅಡಗಿರಬಹುದು ಎಂದು.

ಕಂಪ್ಯೂಟರಿಗೂ ಟ್ಯಾಲಿ ನೋಡುವ ಉಪಾಯವಿದೆ. ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರುಮಾಡಿದರೆ, ಅದು ರ್ಯಾಮಿನ ಮೂಲೆಮೂಲೆಗೂ ಬರೆದು, ಓದಿ, ತಾಳೆ ನೋಡುತ್ತದೆ. ತಂಪು ಹೊತ್ತಿನಲ್ಲಲ್ಲ, ಮೇ ತಿಂಗಳ ಮಧ್ಯಾಹ್ನದಲ್ಲೇ ಓಡಿಸಿ. ನಾವು ಓಡಿಸಿದಾಗ ಎರರ್ ಕಾಲಮ್ಮಿನಲ್ಲಿ ಸೊನ್ನೆ ಬಂತು. ಒಂದೇ ಒಂದು ಎರರ್ ಬಂದರೂ ವೇಗ ಇಳಿಸುವುದೇ ದಾರಿ, ಅಲ್ಲಿ ಚೌಕಾಸಿ ಇಲ್ಲ.

ನಿಮ್ಮ ಕಂಪ್ಯೂಟರಿನ ರ್ಯಾಮ್ ಈಗ ಯಾವ ವೇಗದಲ್ಲಿದೆ ಎಂದು ನೋಡಲು ಏನೂ ಕೊಳ್ಳಬೇಕಾಗಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ ಸ್ಪೀಡ್ ಎಂದು ಬರೆದಿರುತ್ತದೆ. ಬಯಾಸ್‌ಗೆ ಕೈ ಹಾಕುವ ಮುಂಚೆ ಪ್ರೊಸೆಸರ್ ಕಂಪನಿ ಒಪ್ಪಿದ ರ್ಯಾಮ್ ವೇಗ ಎಷ್ಟೆಂದು ನೋಡಿಕೊಳ್ಳಿ. ಅದನ್ನು ದಾಟಿದರೆ ಓವರ್‌ಕ್ಲಾಕಿಂಗ್ ಎಂದೇ ಲೆಕ್ಕ, ವಾರಂಟಿ ಕೇಳಲು ಹೋದಾಗ ತಕರಾರು ಬರಬಹುದು. ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಈ ಸೆಟ್ಟಿಂಗೇ ಇರುವುದಿಲ್ಲ. ಅಲ್ಲಿ ರ್ಯಾಮಿನ ಗೂಡು ಎರಡಿದ್ದು ಒಂದು ಖಾಲಿ ಇದೆಯೇ ನೋಡಿ. ಒಂದೇ ಕಡ್ಡಿ ಇರುವ ಕಡೆ ಅಂಥದೇ ಇನ್ನೊಂದನ್ನು ಹಾಕಿಸಿದರೆ ದಫ್ತರಿಗೆ ಎರಡು ಬಾಗಿಲು ಸಿಗುತ್ತದೆ. ವೋಲ್ಟೇಜ್ ಒಂದಿಷ್ಟೂ ಏರದೆ.